ಬೈಸಿಕೊಂಡು ಉಂಡ ಊಟ

ನಮ್ಮ ಕಡೆ ಊಟ ಹಾಕಿದರೆ ಬಾಯಿ ಮುಚ್ಚುವುದು ಉಂಡವರದ್ದಲ್ಲ, ಉಣ್ಣಿಸಿದವರದ್ದು. ಮುದ್ದೇಬಿಹಾಳದ ನನ್ನ ತವರುಮನೆಯಲ್ಲಿ ಇದನ್ನು ದಿನವೂ ಕಾಣುತ್ತ ಬೆಳೆದವಳು ನಾನು. ಹಿಂದಿನ ದಿನ ಬೀಗರನ್ನು ಬಾಯಿಗೆ ಬಂದಂತೆ ಬೈದಿದ್ದ ನಮ್ಮವ್ವ, ಅದೇ ಬೀಗರು ಅಂಗಳಕ್ಕೆ ಕಾಲಿಟ್ಟರೆ ಸಾಕು, 'ಬರ್ರಿ ಬರ್ರಿ, ಭಾಳ ದಿನಾ ಆತ ನೋಡ್ರಿ' ಎಂದು ಸೆರಗು ಸರಿಮಾಡಿಕೊಂಡು ನೀರಿನ ತಂಬಿಗೆ ಮುಂದೆ ಹಿಡಿಯುತ್ತಿದ್ದಳು. ಅವರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಊರ ಅಗಸಿಬಾಗಿಲು ದಾಟುವ ತನಕ ಒಂದು ಬಿರುಸು ಮಾತಿಲ್ಲ. ದಾಟಿದ ಮೇಲೆ ಶುರು. ಯಾಕವ್ವಾ ಎಂದು ಕೇಳಿದ್ದಕ್ಕೆ ಒಮ್ಮೆ ಹೇಳಿದ್ದಳು: 'ಮನಿಗಿ ಬಂದವರ ತಾಟಿನ್ಯಾಗ ರೊಟ್ಟಿ ಜೋಡಿ ಜಗಳಾ ಬಡಸಬಾರದವಾ.'

ಇಷ್ಟೆಲ್ಲ ಗೊತ್ತಿದ್ದ ನಾನು, ಮದುವೆಯಾಗಿ ಇಂಡಿಗೆ ಬಂದು, ಮಕ್ಕಳು ದೊಡ್ಡವರಾದ ಮೇಲೆ ಒಂದು ಸಣ್ಣ ಟ್ರಸ್ಟಿನ ಕೆಲಸ ಹಿಡಿದು, ಹಳ್ಳಿ ಹಳ್ಳಿಗೆ ಹೋಗಿ 'ಜನರ ಮಾತು ಆಲಿಸುವ ಸಭೆ' ನಡೆಸುತ್ತಿದ್ದೆ. ಸಭೆ ಮುಗಿದ ಮೇಲೆ ಊಟ. ಎಷ್ಟೋ ಕಡೆ ಊಟ ಮೊದಲು, ಸಭೆ ಆಮೇಲೆ. ಜನ ಏನು ಹೇಳುತ್ತಿದ್ದರು? 'ಭಾಳ ಛಲೋ ಆತ್ರಿ' ಎನ್ನುತ್ತಿದ್ದರು. ಸಿಂದಗಿ ಕಡೆಯ ಒಂದು ಊರಿನಲ್ಲಿ ಭಾಳ ಛಲೋ ಎಂದು ಹೊಲಿಗೆ ತರಬೇತಿಯ ಕೋಣೆ ಕಟ್ಟಿಸಿಕೊಂಡವರು, ಆರು ತಿಂಗಳಿಗೆ ಅದರಲ್ಲಿ ದನಕ್ಕೆ ಹಾಕುವ ಜೋಳದ ಕಣಿಕೆ ಒಟ್ಟಿದ್ದರು. ನಾನು ಕೇಳಲು ಹೋದಾಗ ಮತ್ತೆ ಊಟಕ್ಕೆ ಎಬ್ಬಿಸಿದರು. ನಾನೂ ಉಂಡು ಬಂದೆ!

ಟ್ರಸ್ಟು ಅಂದರೆ ದೊಡ್ಡ ಕಚೇರಿ ಎಂದೇನೂ ತಿಳಿಯಬೇಡಿ. ಒಬ್ಬರು ನಿವೃತ್ತ ಎಂಜಿನಿಯರು, ಅವರ ಕೈಕೆಳಗೆ ನಾನು, ಅಷ್ಟೇ. ಅವರು ಬಸವನ ಬಾಗೇವಾಡಿಯಲ್ಲಿ ಹುಟ್ಟಿ, ನೌಕರಿಯುದ್ದಕ್ಕೂ ಊರೂರು ತಿರುಗಿ, ಮಾತಿನಲ್ಲಿ ಊರಿನ ಖಾರ ಅರ್ಧ ಕಳೆದುಕೊಂಡವರು. ನಾನು ಸರ್ ಅನ್ನುತ್ತಿದ್ದೆ. ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಅವಳ ಹೆಸರಿನಲ್ಲಿ ಏನಾದರೂ ಒಳ್ಳೆಯದು ಮಾಡಬೇಕು ಎಂಬುದು ಅವರ ಆಸೆ. ಒಳ್ಳೆಯ ಮನುಷ್ಯ. ಅಷ್ಟೊಂದು ಒಳ್ಳೆಯವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಅವರನ್ನು ಕಾಯಲಿಕ್ಕೆ ಇನ್ನೊಬ್ಬರು ಬೇಕಾಗುತ್ತದೆ. ಆ ಇನ್ನೊಬ್ಬಳು ನಾನಾಗಿದ್ದೆ.

ಇಂಡಿಯಿಂದ ಚಡಚಣದ ದಾರಿ ಹಿಡಿದು ಸ್ವಲ್ಪ ಒಳಗೆ ಹೋದರೆ ಆ ಊರು. ಸುತ್ತ ಲಿಂಬೆ ತೋಟಗಳು. ಊರಿನ ಹೆಂಗಸರು ಬೆಳಿಗ್ಗೆ ಟೆಂಪೋ ಹತ್ತಿ ಹಣ್ಣು ಬಿಡಿಸಲು ಹೋಗುತ್ತಾರೆ. ಲಿಂಬೆಗಿಡದ ಕೆಳಗೆ ಕೂಸನ್ನು ಮಲಗಿಸುವ ಹಾಗಿಲ್ಲ. ಮುಳ್ಳು, ಇರುವೆ, ಮೇಲಿಂದ ಔಷಧ ಹೊಡೆದ ಎಲೆ. ಅದಕ್ಕೇ ಸರ್ ಅಲ್ಲೊಂದು ತೊಟ್ಟಿಲಮನೆ ಮಾಡೋಣ ಎಂದರು. ತಾಯಂದಿರು ದುಡಿದು ಬರುವ ತನಕ ಕೂಸುಗಳನ್ನು ನೋಡಿಕೊಳ್ಳುವ ಮನೆ. ಊರಿನ ದೊಡ್ಡ ಹಿಡುವಳಿದಾರರೊಬ್ಬರು ಹಳ್ಳದ ಆಚೆ ಜಾಗ ಕೊಟ್ಟರು. ಮಕ್ಕಳ ಆರೈಕೆ ಕಲಿತ ಒಬ್ಬಳು ಹುಡುಗಿ ಇಂಡಿಯಿಂದ ಬಸ್ಸಿಗೆ ಬರುವುದೆಂದಾಯಿತು. ಬಸ್ಸು ಮುಟ್ಟುವುದು ಹತ್ತಕ್ಕೆ. ಹಾಗಾಗಿ ತೊಟ್ಟಿಲಮನೆ ಹತ್ತರಿಂದ ಐದು. ಸರ್ ಒಂದೊಂದನ್ನೂ ಊರವರ ಮುಂದೆ ಇಟ್ಟು, 'ನಿಮಗೆ ಸರಿ ಅನಿಸುತ್ತದೆಯೇ?' ಎಂದು ಕೈ ಮುಗಿದು ಕೇಳಿದರು. 'ಭಾಳ ಛಲೋ ಆತ್ರಿ' ಎಂದರು ಊರವರು.

ಅಡಿಗಲ್ಲಿನ ಕೆಲಸವೂ ನಡೆದಿತ್ತು. ಕಲ್ಲು ಕೆತ್ತುವವನ ಹತ್ತಿರ ಕೊಡಲು ಸರ್ ಹೆಂಡತಿಯ ಒಂದು ಫೋಟೋ ತಂದಿದ್ದರು, ಹೆಸರಿನ ಮೇಲೆ ಅವಳ ರೂಪವೂ ಬರಲಿ ಎಂದು. ಯಾವುದೋ ಬಸ್‌ ನಿಲ್ದಾಣದಲ್ಲಿ ತೆಗೆದದ್ದು. ಹೆಂಗಸು ಸೊಂಟವನ್ನು ಎಡಕ್ಕೆ ಚಾಚಿ ಮೈಯೆಲ್ಲ ಓರೆಯಾಗಿ ನಿಂತಿದ್ದಳು. 'ಇದೇನ್ರಿ, ಡೊಂಕ ಬಂದೈತಿ' ಎಂದ ಕಲ್ಲಿನವನು. ಮೊಣಕಾಲು ನೋವೇನಾದರೂ ಇತ್ತೇ ಎಂದು ನಾನು ಕೇಳಿದೆ. 'ಇಲ್ಲ, ಇಲ್ಲ. ಅವಳು ನಿಲ್ಲುವುದೇ ಹಾಗೆ' ಎಂದರು ಸರ್. ಕೊನೆಗೆ ಬರೀ ಮುಖ ಸಾಕು ಎಂದು ತೀರ್ಮಾನವಾಯಿತು.

ಮೂರನೆಯ ಸಲ ಆ ಊರಿಗೆ ಹೋದಾಗ ನಮಗೆ ಊಟ ಒಂದು ಅತ್ತೆ ಸೊಸೆಯರ ಮನೆಯಲ್ಲಿ. ಅತ್ತೆ ಆಡು ಕಾಯುವವಳು. ಸೊಸೆ ಲಿಂಬೆ ಬಿಡಿಸಲು ಹೋಗುವವಳು, ನಾವು ಬರುತ್ತೇವೆಂದು ಅವತ್ತು ಕೂಲಿ ಬಿಟ್ಟು ನಿಂತಿದ್ದಳು. ಅವಳ ಗಂಡ ಸಕ್ಕರೆ ಕಾರ್ಖಾನೆಯ ಕಡೆ ಟ್ರ್ಯಾಕ್ಟರು ಓಡಿಸುತ್ತಿದ್ದ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಅದು ಸಾಲದೆಂದು ಸಿಹಿಗೆ ಮಾದಲಿ. ನೀರು ತಂದುಕೊಟ್ಟವಳು ಹತ್ತು ವರ್ಷದ ಮಗಳು, ಸೊಂಟದ ಮೇಲೆ ತಮ್ಮ.

'ಸಾಲಿಗಿ ಹೋಗಿಲ್ಲೇನವಾ?' ಎಂದೆ.

ಹುಡುಗಿ ತಾಯಿಯ ಮುಖ ನೋಡಿದಳು. 'ಇವತ್ತ ಸೂಟಿ ಐತ್ರಿ' ಎಂದಳು ಸೊಸೆ, ಇನ್ನೊಂದು ರೊಟ್ಟಿ ನನ್ನ ತಾಟಿಗೆ ಹಾಕುತ್ತ.

ಶಾಲೆಯ ಮುಂದಿನಿಂದಲೇ ನಾವು ಬಂದಿದ್ದೆವು. ಹುಡುಗರು ಗಂಟಲು ಹರಕೊಂಡು ಮಗ್ಗಿ ಹೇಳುತ್ತಿದ್ದದ್ದು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಆದರೆ ಉಣ್ಣುತ್ತ ಕುಳಿತು ಬಡಿಸುವವಳಿಗೆ ಸುಳ್ಳಿ ಎನ್ನಲು ಆಗುತ್ತದೆಯೇ? ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋದೆ. ಹುಡುಗಿ ಕೂಸಿನೊಂದಿಗೆ ನೀರು ಹಾಕಲು ಹಿಂದೆಯೇ ಬಂದಳು.

'ಯಾವಾಗಿಂದ ಸೂಟಿ ಬಿಟ್ಟಾರ?'

'ತಮ್ಮ ಹುಟ್ಟಿದಾಗಿಂದ್ರಿ' ಎಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತೊಟ್ಟಿಲಮನೆ ಆದ ಮೇಲೆ ಶಾಲೆಗೆ ಹೋಗುತ್ತೀಯಲ್ಲ ಎಂದೆ. ಹುಡುಗಿ ದೊಡ್ಡವರ ಹಾಗೆ ತಲೆ ಅಲ್ಲಾಡಿಸಿದಳು. 'ಎಲ್ಲಿ ಆಗತೈತ್ರಿ. ಅವ್ವ ಆರಕ್ಕ ಟೆಂಪೋ ಹತ್ತತಾಳ. ಆಯಿ ಆಡ ಹೊಡಕೊಂಡ ಹೋಗ್ತಾಳ. ಸಾಲಿ ಗಂಟಿ ಒಂಬತ್ತೂವರಿಗಿ. ನಿಮ್ಮದು ಹತ್ತಕ್ಕ ತಗೀತೈತಿ, ಅದೂ ಹಳ್ಳದ ಆಚಿಗಿ. ಮಳಿಗಾಲದಾಗ ಕೂಸಿನ್ನ ಎತಗೊಂಡು ಹಳ್ಳ ಹೆಂಗ ದಾಟಲಿರಿ?' ಇಷ್ಟು ಹೇಳಿ, ಜಾರುತ್ತಿದ್ದ ಕೂಸನ್ನು ಒಮ್ಮೆ ಕುಪ್ಪಳಿಸಿ ಮತ್ತೆ ಸೊಂಟಕ್ಕೆ ಏರಿಸಿಕೊಂಡಳು.

ಅಯ್ಯೋ ಶಿವನೇ! ಮೂರು ಸಭೆ, ಮೂರು ಊಟ, ಊರು ತುಂಬ ದೊಡ್ಡವರು. ಒಬ್ಬರೂ ಹೇಳದ್ದನ್ನು ಈ ಹುಡುಗಿ ಕೈಗೆ ನೀರು ಹಾಕುತ್ತ ಹೇಳಿಬಿಟ್ಟಿದ್ದಳು.

ಒಳಗೆ ಬಂದು ಸರ್‌ಗೆ ಹೇಳಿದೆ. ಅವರು ತಕ್ಷಣ ಮನೆಯವರನ್ನು ಕೇಳಿದರು, ಹೊತ್ತು ಬದಲಿಸಬೇಕೇ, ಜಾಗ ಬದಲಿಸಬೇಕೇ ಎಂದು. 'ಛೇ ಛೇ! ಹುಡುಗರ ಮಾತ ಎಲ್ಲಿ ಕೇಳ್ತೀರಿ ಸಾಹೇಬ್ರ. ಹತ್ತಕ್ಕ ಭಾಳ ಛಲೋ ಆಗತೈತಿ' ಎಂದಳು ಅತ್ತೆ. ಸೊಸೆ ನೆಲ ನೋಡುತ್ತ 'ಹೌದ್ರಿ' ಎಂದಳು. ಮಗಳ ಶಾಲೆ ತನ್ನ ಆ ಒಂದು ಮಾತಿನ ಮೇಲೆ ನಿಂತಿದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮನೆಗೆ ಬಂದು ಉಂಡವರಿಗೆ 'ನಿಮ್ಮ ಕೆಲಸ ಸರಿ ಇಲ್ಲ' ಎನ್ನುವುದು ಅವಳ ಬಾಯಿಗೆ ಬರುವ ಮಾತಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. ಸರ್ ಕಿಟಕಿಯ ಹೊರಗೆ ನೋಡುತ್ತ, 'ನಾನೇ ಬದಲಾಯಿಸಿಬಿಡಲೇ?' ಎಂದರು.

'ಬದಲಾಯಿಸಿ ಏನ್ ಮಾಡ್ತೀರಿ? ನಸುಕಿನ್ಯಾಗ ಬಾಗಲಾ ತಗಿಯಾಕ ನೀವು ಬರ್ತೀರೋ, ನಾ ಬರಲೋ? ಊರಾಗಿನವರ ಬೇಕಲ್ರಿ ಅದಕ. ಯಾರು, ಎಲ್ಲಿ, ಹೆಂಗ ಅಂತ ಅವರ ಬಾಯಿಂದನ ಬರಬೇಕು.'

'ನಾನು ಕೇಳುತ್ತಲೇ ಇದ್ದೇನಲ್ಲ, ಅಕ್ಕಾರೆ. ಇನ್ನೂ ಹೇಗೆ ಕೇಳಲಿ?'

ಅವರ ದನಿ ಕೇಳಿ ನನ್ನ ಸಿಟ್ಟು ಇಳಿಯಿತು. ಪಾಪ, ಕೈ ಮುಗಿದು ಕೇಳಿದ್ದಾರೆ, ನೆಲದ ಮೇಲೆ ಕುಳಿತು ಕೇಳಿದ್ದಾರೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮಗೆ ಬೇಕಾಗಿದ್ದದ್ದೇ ಜಗಳ. ನಮ್ಮ ಕಡೆ ಖರೇ ಮಾತು ಇಬ್ಬರಿಗೆ ಮಾತ್ರ ಸಿಗುತ್ತದೆ, ವೈರಿಗೆ ಮತ್ತು ಮನೆಯವರಿಗೆ. ಮನೆಯವರಿಗೆ ಬೈದೇ ಹೇಳುತ್ತೇವೆ. ನನ್ನ ಗಂಡನನ್ನು ಕೇಳಿ ಬೇಕಾದರೆ, 'ನಾ ಈ ಮನ್ಯಾಗ ಉಂಡದ್ದಕಿಂತ ಬೈಸಿಕೊಂಡದ್ದ ಹೆಚ್ಚು' ಎನ್ನುತ್ತಾರೆ. ಸರ್‌ಗೆ ಇದನ್ನೆಲ್ಲ ಬಿಡಿಸಿ ಹೇಳಿ, 'ಮುಂದಿನ ಸಲ ಉಣ್ಣಬ್ಯಾಡ್ರಿ' ಎಂದೆ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಎಷ್ಟು ಹೊತ್ತು ಉಪವಾಸ ಇರಬಲ್ಲಿರಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, 'ಬೈಯುವ ತನಕ' ಎಂದರು.

ಅಡಿಗಲ್ಲಿನ ಪೂಜೆಗೆ ವಾರವಿದೆ ಎನ್ನುವಾಗ ಮತ್ತೆ ಅದೇ ಮನೆಗೆ ಹೋದೆವು. ಊಟಕ್ಕೆ ಬರುತ್ತೇವೆಂದು ನಾನೇ ಫೋನು ಮಾಡಿದ್ದೆ. ಚಾಪೆ ಹಾಸಿತ್ತು, ತಾಟು ಬಂತು, ರೊಟ್ಟಿಯ ಮೇಲೆ ಬೆಣ್ಣೆ ಕರಗುತ್ತಿತ್ತು. ಸರ್ ತಾಟನ್ನು ಎರಡೂ ಕೈಯಿಂದ ಮೆಲ್ಲಗೆ ಮುಂದಕ್ಕೆ ಸರಿಸಿದರು.

'ನಾನು ಉಣ್ಣುವುದಿಲ್ಲ ತಾಯಿ. ಮೊದಲು ನನಗೆ ಬೈಯಿರಿ. ನಾನು ಮಾಡುತ್ತಿರುವುದರಲ್ಲಿ ಏನು ತಪ್ಪಿದೆಯೋ ಅದನ್ನು ಹೇಳಿ ಬೈಯಿರಿ. ಆಮೇಲೆ ಉಣ್ಣುತ್ತೇನೆ.'

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. 'ಯವ್ವಾ! ಏನ್ ತಪ್ಪಾತ್ರಿ? ಉಪ್ಪ ಕಮ್ಮಿ ಆತೇನ್ರಿ?' ಎಂದಳು. ಉಪ್ಪು ಸರಿಯಾಗಿದೆ ಎಂದರು ಸರ್, ರುಚಿಯನ್ನೇ ನೋಡದೆ. ಮೊಸರನ್ನ ತರಲೇ ಎಂದಳು. ಬೇಡ ಎಂದರು. ಚಹಾ? ಬೇಡ. ಪಕ್ಕದ ಮನೆಯವಳು ಇಣುಕಿದಳು, ಓಡಿದಳು. 'ಸಾಹೇಬ್ರು ಉಣ್ಣವಲ್ಲರಂತ!' ಎನ್ನುವ ಸುದ್ದಿ ಓಣಿ ತುಂಬ ಹಬ್ಬಿತು. ಹತ್ತು ಹದಿನೈದು ಹೆಂಗಸರು ಬಾಗಿಲಿಗೆ ಕೂಡಿದರು. ಒಬ್ಬಳು ತನ್ನ ಮನೆಯಿಂದ ಶೇಂಗಾ ಹೋಳಿಗೆ ತಂದಳು. ಇನ್ನೊಬ್ಬಳು, 'ಯಾವದಾರ ದೇವರ ಹರಕಿ ಐತೇನ್ರಿ?' ಎಂದು ನನ್ನನ್ನು ಪಿಸುಗುಟ್ಟಿ ಕೇಳಿದಳು. ನಾನು ಉಗುರು ನೋಡುತ್ತ ಕುಳಿತೆ. ನಿಜ ಹೇಳಬೇಕೆಂದರೆ ನನ್ನ ಹೊಟ್ಟೆಯೂ ತಾಳ ಹಾಕುತ್ತಿತ್ತು. ಆ ಎಣ್ಣೆಗಾಯಿಯ ವಾಸನೆ ಬೇರೆ!

ಹೊತ್ತು ಹೋಯಿತು. ಬೆಣ್ಣೆ ಹೆಪ್ಪುಗಟ್ಟಿತು. ಸರ್ ಅವರ ಹಣೆಯ ಮೇಲೆ ಬೆವರು ಮೂಡಿತು, ಬೆರಳು ಸಣ್ಣಗೆ ನಡುಗತೊಡಗಿತು. ನನಗೆ ಭಯವಾಯಿತು. ಏನು ಹುಚ್ಚು ಕೆಲಸ ಹಚ್ಚಿಬಿಟ್ಟೆ ಈ ಮನುಷ್ಯನಿಗೆ ಎಂದು ಸಾಕು ಮಾಡಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಒಲೆಯ ಮುಂದೆ ಕುಳಿತಿದ್ದ ಸೊಸೆ ರೊಟ್ಟಿಯ ಹಿಟ್ಟನ್ನು ಪರಾತದಲ್ಲಿ ಕುಕ್ಕಿ ಎದ್ದು ನಿಂತಳು.

'ಏನ್ ಹಚ್ಚೀರಿ ಇದ? ನಮ್ಮ ಮನ್ಯಾಗ ಕುಂತು, ನಮ್ಮ ರೊಟ್ಟಿ ಮುಂದ ಇಟಗೊಂಡು, ಉಪವಾಸ ಸಾಯ್ತೀರೇನು? ಊರ ಮಂದಿ ನಾಳೆ ನಮಗ ಏನ್ ಅಂತಾರ? ಬೈಬೇಕೇನು ನಿಮಗ? ಬೈತೇನಿ ತಗೋರಿ! ಹತ್ತಕ್ಕ ಬಾಗಲಾ ತಗದ್ರ ಯಾರ ಸಲುವಾಗಿ ತಗೀತೀರಿ? ನಿಮ್ಮ ಬಸ್ಸಿನ ಸಲುವಾಗೋ, ನಮ್ಮ ಕೂಸಿನ ಸಲುವಾಗೋ? ಆರಕ್ಕ ಟೆಂಪೋ ಅಗಸ್ಯಾಗ ಬಂದು ನಿಂದರತೈತಿ. ಒಂದ ಗಳಿಗಿ ತಡಾ ಆದ್ರ ಬಿಟ್ಟ ಹೋಕ್ಕೈತಿ. ಹಳ್ಳದ ಆಚಿಗಿ ಕಟ್ಟಾಕತ್ತೀರಲ್ಲ, ಮಳಿ ಬಂದ್ರ ಎಮ್ಮಿ ಇಳಿಯಾಂಗಿಲ್ಲ ಅಲ್ಲಿ. ಕೂಸ ಇಳಸ್ತೀರೇನು? ನನ್ನ ಮಗಳ ಪುಸ್ತಕ ಗ್ವಾಡ್ಯಾಗಿನ ಮಾಡದಾಗ ಇಟ್ಟದ್ದ ಇಟ್ಟಾಂಗ ಅದಾವು. ಆಕಿ ದಿನಾ ತಗದು ಒರಸಿ ಮತ್ತ ಇಡತಾಳ. ನೋಡಾಕ ಆಗೂದಿಲ್ರಿ ನನ್ನ ಕಣ್ಣೀಲೆ!'

ಅಲ್ಲಿಗೆ ಮುಗಿಯಲಿಲ್ಲ. ನನ್ನ ಕಡೆ ತಿರುಗಿದಳು. 'ನೀವೂ ಹಂಗ, ಅಕ್ಕಾರ. ನೀವೂ ಇಲ್ಲೆ ಬಾಳೇವು ಮಾಡಾವ್ರ ಅಲ್ಲೇನು? ಸೂಟಿ ಅಂದಾಗ ಅದು ಸುಳ್ಳ ಅಂತ ನಿಮಗ ತಿಳೀಲಿಲ್ಲೇನು? ಸುಮ್ನ ಮಾದಲಿ ತಿಂದು ಎದ್ದ ಹೋದ್ರಿ!'

ಅತ್ತೆ ಸೊಸೆಯ ಬಾಯಿ ಮುಚ್ಚಿಸುತ್ತಾಳೆಂದು ನಾನು ಕಾಯುತ್ತಿದ್ದೆ. ಮುದುಕಿ ಸೌಟನ್ನು ಕೆಳಗಿಟ್ಟು, 'ಆಕಿ ಅಂದದ್ದ ಖರೇ ಐತ್ರಿ. ನಾನ ಸುಳ್ಳ ಹೇಳಿದ್ದೆ' ಎಂದಳು. ಅಷ್ಟೇ ತಡ, ಬಾಗಿಲ ಕಡೆಯಿಂದ ಹೆಂಗಸರು ಒಬ್ಬೊಬ್ಬರೇ ಒಳಗೆ ಬಂದರು. ಎಲ್ಲರಿಗೂ ಒಮ್ಮೆಲೇ ಬೈಯುವುದಿತ್ತು. ಸಭೆಗಳಲ್ಲಿ 'ಈ ಊರಿನ ಹೆಣ್ಣುಮಕ್ಕಳ ನಾಯಕಿ ಯಾರು?' ಎಂದು ನಾವು ಕೇಳಿದಾಗಲೆಲ್ಲ ಎಲ್ಲರೂ ಇಸ್ತ್ರಿ ಸೀರೆ ಉಟ್ಟು ಮುಂದೆ ಕುಳಿತವಳನ್ನು ತೋರಿಸುತ್ತಿದ್ದರು. ಈಗ ಯಾರೂ ಯಾರನ್ನೂ ತೋರಿಸಲಿಲ್ಲ. ಸೊಸೆಯ ಹಿಂದೆ ಹೋಗಿ ನಿಂತರು.

ಸರ್ ಎಲ್ಲವನ್ನೂ ಕೇಳಿದರು. ಆಮೇಲೆ ಅವರು ಆಡಿದ ಮಾತು ಎಂಜಿನಿಯರ್ ಸಾಹೇಬರದ್ದಲ್ಲ, ಬಾಗೇವಾಡಿಯ ಓಣಿಯ ಹುಡುಗನದ್ದು. 'ನಂದೂ ಒಂದು ಹೇಳೂದು ಉಳದೈತಿ, ತಂಗಿ. ನನ್ನ ಹೆಂಡತಿ ಮೂರನೇ ಕ್ಲಾಸಿಗಿ ಸಾಲಿ ಬಿಟ್ಟಾಕಿ. ಆಕಿ ಬೆನ್ನಿಗಿ ಐದು ಮಂದಿ ತಮ್ಮ ತಂಗಿ. ಅವ್ವ ಕೂಲಿಗಿ ಹೋಗ್ತಿದ್ದಳು, ಈಕಿ ಕೂಸ ಹಿಡೀತಿದ್ದಳು. ಸಾಯೂ ತನಕ ಸಹಿ ಮಾಡೂ ಮುಂದ ನನ್ನ ಮಾರಿ ನೋಡ್ತಿದ್ದಳು. ಅದಕ್ಕ ಬಂದೀನಿ ನಾ ಇಲ್ಲಿ. ಅದನ್ನ ನಿಮಗ ಹೇಳಾಕ ನಾಚಿಗಿ ಬಂತು.'

ನನಗೂ ಅವರು ಅದನ್ನು ಹೇಳಿರಲಿಲ್ಲ. ಊರವರ ಬಾಯಿ ಬಿಡಿಸಲು ಹೊರಟವಳಿಗೆ, ದಿನವೂ ಪಕ್ಕದಲ್ಲಿ ಕುಳಿತವರ ಬಾಯಿಯಲ್ಲೂ ಒಂದು ಮಾತು ಉಳಿದಿದೆ ಎಂದು ಹೊಳೆದಿರಲಿಲ್ಲ. ಮೂಗು ಒರೆಸಿಕೊಂಡೆ.

ಸೊಸೆ ಆರಿದ ರೊಟ್ಟಿಯನ್ನು ಸರ್ ಅವರ ತಾಟಿನಿಂದ ಎತ್ತಿ ಬೇರೆ ಇಟ್ಟು, ಒಲೆಗೆ ಕಟ್ಟಿಗೆ ಮುಂದೂಡಿ ಹೊಸ ರೊಟ್ಟಿ ಬಡಿಯತೊಡಗಿದಳು. 'ಕುಂದರ್ರಿ ಸುಮ್ನ. ಇನ್ನ ಉಣ್ಣಲಿಲ್ಲಂದ್ರ ಮತ್ತ ಬೈತೇನಿ' ಎಂದಳು. ಸರ್ ಉಂಡರು. ಹೆಂಗಸರು ಸುತ್ತ ಕುಳಿತು, ಬೈಯುತ್ತಲೇ ಬಡಿಸಿದರು, ಬಡಿಸುತ್ತಲೇ ಕೆಲಸ ಹಂಚಿಕೊಂಡರು. ಅಗಸಿಯ ಮಗ್ಗುಲಿಗೆ ಬೀಗ ಹಾಕಿ ಬಿದ್ದಿದ್ದ ಒಂದು ಹಳೆಯ ಕೋಣೆ ಇತ್ತು. ಟೆಂಪೋ ನಿಲ್ಲುವುದು ಅದರ ಎದುರಿಗೇ. ಅದೇ ತೊಟ್ಟಿಲಮನೆ ಎಂದರು. ನಸುಕಿನಲ್ಲಿ ಬಾಗಿಲು ತೆಗೆಯುವವರು ಯಾರು? 'ನಾ ಆಡ ಮಾರತೇನಿ ತಗೋರಿ' ಎಂದಳು ಅತ್ತೆ. 'ಆಡ ಕಾಯೂದಕಿಂತ ಕೂಸ ಕಾಯೂದ ಏನ್ ದೊಡ್ಡದು? ಎರಡೂ ಒದರತಾವು.' ಅವಳ ಜೊತೆಗೆ ಇನ್ನೊಬ್ಬ ಮುದುಕಿ. ಇಬ್ಬರಿಗೂ ಟ್ರಸ್ಟಿನಿಂದ ಸಂಬಳ. ಇಂಡಿಯ ಹುಡುಗಿ ಹತ್ತಕ್ಕೆ ಬಂದು ಕೂಡಿಕೊಂಡರಾಯಿತು. ಹಳ್ಳದಾಚೆಯ ಜಾಗದವರಿಗೆ ತಿಳಿಸಿ ಹೇಳುವುದನ್ನು ಮಾತ್ರ ನನ್ನ ಕೊರಳಿಗೆ ಕಟ್ಟಿದರು. ಮಾದಲಿ ತಿಂದು ಎದ್ದು ಹೋದದ್ದಕ್ಕೆ ದಂಡವಂತೆ!

ಕಟ್ಟಡವೇ ಇಲ್ಲವೆಂದ ಮೇಲೆ ಅಡಿಗಲ್ಲು ಎಲ್ಲಿಯದು? ಸರ್ ಕೆತ್ತುವುದು ಬೇಡ ಎಂದು ಹೇಳಿ, ನುಣ್ಣಗೆ ಮಾಡಿಟ್ಟಿದ್ದ ಕಲ್ಲನ್ನು ಹಾಗೆಯೇ ತರಿಸಿ ಅಗಸಿಯ ಕೋಣೆಯ ಮುಂದೆ ಹಾಕಿಸಿದರು. ತಾಯಂದಿರು ಟೆಂಪೋ ಹತ್ತುವ ಮೊದಲು ಅದರ ಮೇಲೆ ಕುಳಿತು ಕೂಸಿಗೆ ಇನ್ನೊಂದು ಸಲ ಹಾಲು ಕುಡಿಸುತ್ತಾರೆ. ಹೆಸರಿಲ್ಲದ್ದಕ್ಕೆ ಬೇಸರವಿಲ್ಲವೇ ಎಂದು ಕೇಳಿದೆ. 'ಅವಳಿಗೆ ಓದಲಿಕ್ಕೆ ಎಲ್ಲಿ ಬರುತ್ತಿತ್ತು' ಎಂದು ನಕ್ಕರು.

ತೊಟ್ಟಿಲಮನೆ ಶುರುವಾದ ದಿನ ನಾವಿಬ್ಬರೂ ಹಿಂದಿನ ಸಂಜೆಯೇ ಹೋಗಿ ಊರಲ್ಲಿ ಉಳಿದಿದ್ದೆವು. ಆರಕ್ಕೆ ಟೆಂಪೋ ಹೋಯಿತು. ಕೂಸುಗಳು ಒದರಿದವು, ಅತ್ತೆ ಅವುಗಳಿಗಿಂತ ಜೋರಾಗಿ ಒದರಿದಳು, ಎಲ್ಲ ತಣ್ಣಗಾಯಿತು. ಒಂಬತ್ತೂವರೆಗೆ ಶಾಲೆಯ ಗಂಟೆ. ಹುಡುಗಿ ತಮ್ಮನನ್ನು ಆಯಿಯ ಕೈಗೆ ಕೊಟ್ಟು, ಬಾಗಿಲಲ್ಲಿ ಎರಡು ಸಲ ತಿರುಗಿ ನೋಡಿ, ಓಡಿದಳು. ನಾವು ಹಿಂದಿನಿಂದ ನಡೆದು ಶಾಲೆಯ ಗೇಟಿನ ಹೊರಗೆ ನಿಂತೆವು.

ಪ್ರಾರ್ಥನೆ ನಡೆದಿತ್ತು. ಐದನೆಯ ತರಗತಿಯ ಸಾಲಿನ ಕೊನೆಗೆ ಅವಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಎಲ್ಲ ಮಕ್ಕಳೂ ನೆಟ್ಟಗೆ ನಿಂತಿದ್ದರೆ ಅವಳೊಬ್ಬಳು ಸೊಂಟವನ್ನು ಎಡಕ್ಕೆ ಚಾಚಿ ಮೈಯೆಲ್ಲ ಓರೆಯಾಗಿ ನಿಂತಿದ್ದಳು. ಸೊಂಟದ ಮೇಲೆ ಕೂಸಿರಲಿಲ್ಲ. 'ಏ, ನೆಟ್ಟಗ ನಿಂದ್ರು' ಎಂದರು ಮಾಸ್ತರರು. ಹುಡುಗಿ ನೆಟ್ಟಗಾದಳು. ಹಾಡು ಎರಡು ಸಾಲು ಹೋಗುವಷ್ಟರಲ್ಲಿ ಸೊಂಟ ಮತ್ತೆ ತಾನಾಗಿಯೇ ಎಡಕ್ಕೆ ಹೋಯಿತು.

ನನಗೆ ನಗು ಬಂತು. ನೋಡಿದಿರಾ ಎಂದು ಸರ್ ಕಡೆ ತಿರುಗಿದೆ. ಅವರು ಗೇಟಿನ ಸರಳು ಹಿಡಿದುಕೊಂಡಿದ್ದರು. ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

'ನಲವತ್ತು ವರ್ಷ ಆಕಿ ಜೋಡಿ ಬಾಳೇವು ಮಾಡಿದೆ, ಅಕ್ಕಾರ' ಎಂದರು. 'ಹಿಂಗ್ಯಾಕ ನಿಂದರತಿ ಅಂತ ಒಮ್ಮೀನೂ ಕೇಳಲಿಲ್ಲ.'

ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುವ ತನಕ ಇಬ್ಬರೂ ಅಲ್ಲೇ ನಿಂತಿದ್ದೆವು.

ದೀಪಾವಳಿಯ ಹೊತ್ತಿಗೆ ಹುಡುಗಿ ನೆಟ್ಟಗೆ ನಿಲ್ಲತೊಡಗಿದ್ದಳು.